ಕೆಲಸದ ನಡುವೆಯೇ ಮಕ್ಕಳಿಗೊಂದು ಜಾಗ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ತಾಯಂದಿರ ಮುಂದೆ ಆಡಿದ ಮಾತುಗಳ ಬರಹ ರೂಪ

ಅಸ್ಸಲಾಮು ಅಲೈಕುಂ. ತಾಯಂದಿರೇ, ಅಕ್ಕ ತಂಗಿಯರೇ,

ಮಕ್ಕಳ ಜೊತೆ ಸಾರ್ಥಕವಾಗಿ ಸಮಯ ಕಳೆಯುವುದು ಹೇಗೆ ಅಂತ ನಾಲ್ಕು ಮಾತು ಹೇಳಿ ಎಂದು ಇಲ್ಲಿನ ಹೆಣ್ಣುಮಕ್ಕಳು ಕೇಳಿದರು. ವಿಷಯ ಕೇಳಿದ ಕೂಡಲೇ ಪಕ್ಕದಲ್ಲಿ ಕೂತಿದ್ದವರು, "ಟೈಮ್ ಎಲ್ಲೈತೆ ಆಪಾ, ಮೊದ್ಲು ಅದನ್ನ ಹೇಳ್ರಿ" ಅಂದರು. ಅವರು ಕೇಳಿದ್ದು ಸರಿ. ಅಲ್ಲಿಂದಲೇ ಶುರು ಮಾಡೋಣ.

ನಮ್ಮ ದಿನ ಹೇಗಿರುತ್ತದೆ ಅಂತ ನಮಗೆ ಗೊತ್ತು. ನಸುಕಿನ ಫಜ್ರ್‌ಗೆ ಎದ್ದರೆ ನಮಾಜ್, ಆಮೇಲೆ ನಲ್ಲಿ ನೀರು ಬರುವ ದಿನವಾದರೆ ನೀರು ತುಂಬುವುದು, ಟಿಫನ್, ಡಬ್ಬಿ, ಸಮವಸ್ತ್ರ, ತಲೆ ಬಾಚುವುದು. ಮಕ್ಕಳು ಶಾಲೆಗೆ ಹೋದ ಮೇಲೆ ಬಹಳ ಮನೆಗಳಲ್ಲಿ ಹೊಲಿಗೆ ಮೆಷಿನ್ ಶುರು. ಬಳ್ಳಾರಿಯ ಜೀನ್ಸ್ ದೇಶದ ಎಲ್ಲೆಲ್ಲಿಗೋ ಹೋಗುತ್ತದೆ. ಅದರಲ್ಲಿ ಎಷ್ಟೋ ಪ್ಯಾಂಟುಗಳ ಜೇಬು, ಲೂಪು, ಗುಂಡಿ ಇಲ್ಲಿನ ಗಲ್ಲಿಗಳಲ್ಲಿ, ಮನೆಯೊಳಗೆ ಆಗುತ್ತವೆ. ಪೀಸ್‌ಗೆ ಇಷ್ಟು ಅಂತ ಲೆಕ್ಕ. ಕೈ ನಿಂತರೆ ದುಡ್ಡು ನಿಂತಿತು. ಸಂಜೆ ಮಕ್ಕಳು ಬಂದು ಅರಬಿ ಕ್ಲಾಸಿಗೆ ಹೋಗುತ್ತಾರೆ. ಸೂರ್ಯ ಮುಳುಗಿ ಮಗ್ರಿಬ್ ನಮಾಜ್ ಆದ ಮೇಲೆ ಹೋಂವರ್ಕ್, ಅಡುಗೆ. ರಾತ್ರಿಯ ಇಶಾ ನಮಾಜ್ ಹೊತ್ತಿಗೆ ನಮಗೂ ಕಣ್ಣು ಎಳೆಯುತ್ತಿರುತ್ತದೆ.

ಇಂಥ ತಾಯಿಗೆ "ದಿನಕ್ಕೆ ಒಂದು ಗಂಟೆ ಎಲ್ಲಾ ಬಿಟ್ಟು ಮಕ್ಕಳ ಜೊತೆ ಕೂರಿ" ಅಂದರೆ ಆಕೆಗೆ ದುಃಖ ಜಾಸ್ತಿ ಆಗುತ್ತದೆ, ಅಷ್ಟೇ. ಆ ಮಾತನ್ನು ನಾನು ಹೇಳುವುದಿಲ್ಲ. ಪ್ರವಾದಿ ಮುಹಮ್ಮದ್(ಸ) ಅವರು ಮಕ್ಕಳ ಜೊತೆ ಹೇಗಿದ್ದರು ಅಂತ ಹದೀಸ್‌ಗಳಲ್ಲಿ, ಅಂದರೆ ಅವರ ನಡೆನುಡಿಯ ವರದಿಗಳಲ್ಲಿ, ಓದಿದಾಗಲೆಲ್ಲ ನನಗೆ ಕಾಣುವ ಸಂಗತಿ ಬೇರೆ. ಕೆಲಸ ಮುಗಿಸಿ ಉಳಿದ ಸಮಯವನ್ನು ಅವರು ಮಕ್ಕಳಿಗೆ ಕೊಡಲಿಲ್ಲ. ಕೆಲಸದ ಒಳಗೇ ಮಕ್ಕಳಿಗೆ ಜಾಗ ಮಾಡಿಕೊಟ್ಟರು.

ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಗ್ರಂಥಗಳಲ್ಲಿ ಇರುವ ಹದೀಸ್ ನೋಡಿ. ಮಗಳು ಝೈನಬ್(ರ) ಅವರ ಕೂಸು ಉಮಾಮಾಳನ್ನು ಎತ್ತಿಕೊಂಡೇ ಪ್ರವಾದಿ(ಸ) ನಮಾಜ್ ಮಾಡಿಸಿದರು. ಹಣೆ ನೆಲಕ್ಕಿಡುವ ಸಜ್ದಾಕ್ಕೆ ಹೋಗುವಾಗ ಕೆಳಗೆ ಕೂರಿಸುವುದು, ಎದ್ದು ನಿಲ್ಲುವಾಗ ಮತ್ತೆ ಎತ್ತಿಕೊಳ್ಳುವುದು. ಹಿಂದೆ ನಮಾಜ್‌ಗೆ ಸೇರಿದ ಜಮಾಅತ್ ನಿಂತಿದೆ. ನಸಾಈ ಎಂಬ ಹದೀಸ್ ಗ್ರಂಥದಲ್ಲಿ ಇನ್ನೊಂದು ಬರುತ್ತದೆ. ಒಂದು ಸಜ್ದಾ ಎಷ್ಟು ಉದ್ದವಾಯಿತು ಅಂದರೆ, ಹಿಂದಿದ್ದವರಿಗೆ ಏನಾದರೂ ಆಗಿರಬೇಕು, ಇಲ್ಲವೇ ಅಲ್ಲಾಹನಿಂದ ವಹಿ (ಸಂದೇಶ) ಬಂದಿರಬೇಕು ಅನ್ನಿಸಿತು. ಆಮೇಲೆ ಕೇಳಿದರೆ, ಮೊಮ್ಮಗ ಬೆನ್ನೇರಿ ಕೂತಿದ್ದ, ಅವನಿಗೆ ಸಾಕಾಗುವ ತನಕ ಅವಸರ ಮಾಡಲು ಮನಸ್ಸಾಗಲಿಲ್ಲ ಅಂದರಂತೆ. ನಮಾಜ್ ಉದ್ದ ಮಾಡೋಣ ಅಂತ ನಿಂತಾಗ ಹಿಂದಿನಿಂದ ಕೂಸು ಅಳುವುದು ಕೇಳಿದರೆ, ಆ ತಾಯಿಯ ಮನಸ್ಸು ತಳಮಳಿಸುತ್ತದೆ ಅಂತ ನಮಾಜನ್ನೇ ಚಿಕ್ಕದು ಮಾಡುತ್ತಿದ್ದರು. ಇದೂ ಬುಖಾರಿಯಲ್ಲಿದೆ.

ಮದೀನಾದ ಎಲ್ಲಾ ಹೊಣೆ ಹೊತ್ತವರು ಅವರು. ಬಿಡುವು ಅನ್ನುವುದು ಅವರಿಗೆ ನಮಗಿಂತ ಕಡಿಮೆಯೇ ಇತ್ತು. ಮಕ್ಕಳನ್ನು ಆಚೆ ಕಳಿಸಿ ಅಂತ ಹೇಳಲು ನಮಾಜ್‌ಗಿಂತ ದೊಡ್ಡ ಕಾರಣ ಬೇಕಾ? ಅಲ್ಲೇ ಅವರು ಕಳಿಸಲಿಲ್ಲ.

ನಮ್ಮ ಮನೆಗಳಲ್ಲಿ ಇದು ಉಲ್ಟಾ ಆಗಿದೆ. ನಮಾಜ್ ಮಾಡಲು ಜಾನಮಾಜ್ (ಚಾಪೆ) ಹಾಸಿದ ಕೂಡಲೇ "ಏಯ್, ಆ ಕಡೆ ಹೋಗು." ಮೆಷಿನ್ ಮುಂದೆ ಕೂತರೆ "ಹೊರಗೆ ಆಡ್ಕೋ ಹೋಗು." ಅಡುಗೆ ಮನೆಗೆ ಬಂದರೆ "ಬಿಸಿ ಐತೆ, ನಡಿ." ಕೊನೆಗೆ ಅಳುವ ಮಗುವಿನ ಕೈಗೆ ಮೊಬೈಲ್. ರಾತ್ರಿ ಸುಸ್ತಾಗಿ ಕೂತಾಗ ಮಾತ್ರ "ಬಾ, ಮಾತಾಡು" ಅಂತ ಕರೆಯುತ್ತೇವೆ. ಅಷ್ಟು ಹೊತ್ತಿಗೆ ಮಗು ತನ್ನ ದಿನವನ್ನೆಲ್ಲ ಒಬ್ಬನೇ ಮುಗಿಸಿರುತ್ತದೆ.

ನನ್ನ ಪರಿಚಯದ ಒಬ್ಬ ತಾಯಿಯ ಮನೆ ಇಲ್ಲೇ ಹತ್ತಿರದ ಗಲ್ಲಿಯಲ್ಲಿದೆ. ಒಂದೇ ಕೋಣೆ, ಮುಂದೆ ಸಣ್ಣ ಕಟ್ಟೆ. ಕಿಟಕಿ ಪಕ್ಕ ಮೆಷಿನ್. ಒಂದು ಕಡೆ ಹೊಲಿಯಬೇಕಾದ ಬಂಡಲ್, ಇನ್ನೊಂದು ಕಡೆ ಹೊಲಿದು ಮುಗಿದ ರಾಶಿ. ಮಗ ಮೂರನೇ ಕ್ಲಾಸು. ಶಾಲೆಯಿಂದ ಬಂದವನೇ ಬಾಗಿಲಲ್ಲೇ ಏನೋ ಹೇಳಲು ಶುರು ಮಾಡುತ್ತಿದ್ದ. ಮೆಷಿನ್ ಸದ್ದಿನಲ್ಲಿ ಆಕೆಗೆ ಕೇಳುತ್ತಿರಲಿಲ್ಲ. "ಏನಂದಿ? ಏನು?" ಅಂತ ಎರಡು ಸಲ ಕೇಳಿದ ಮೇಲೆ ಅವನು "ಏನಿಲ್ಲ ಬಿಡು ಅಮ್ಮೀ" ಅಂತ ಚಪ್ಪಲಿ ಬಿಟ್ಟು ಮೂಲೆ ಸೇರುತ್ತಿದ್ದ.

ಆಕೆ ಒಂದೇ ಒಂದು ಬದಲಾವಣೆ ಮಾಡಿಕೊಂಡರು. ಹೊಲಿದ ಪ್ಯಾಂಟುಗಳಲ್ಲಿ ಅಲ್ಲಲ್ಲಿ ಉಳಿದ ದಾರ ಕತ್ತರಿಸುವ ಕೆಲಸ ಹೇಗೂ ಇರುತ್ತದೆ. ಅದನ್ನು ಬೆಳಗ್ಗೆ ಮಾಡುತ್ತಿದ್ದವರು ಈಗ ಮಗ ಬರುವ ಹೊತ್ತಿಗೆ ಅಂತ ಎತ್ತಿಡುತ್ತಾರೆ. ಆ ಕೆಲಸಕ್ಕೆ ಸದ್ದಿಲ್ಲ. ಕೈಗೆ ಅದು ಎಷ್ಟು ಅಭ್ಯಾಸ ಅಂದರೆ ಕಣ್ಣೂ ಬೇಕಿಲ್ಲ. ಕಿವಿ ಪೂರ್ತಿ ಖಾಲಿ. ನಾನು ಹೋಗಿದ್ದ ದಿನ ಹುಡುಗ ಹೊಲಿದ ರಾಶಿಗೆ ಒರಗಿ, ಕಾಲು ಗೋಡೆಗೆ ಚಾಚಿ ಮಲಗಿದ್ದ. ಅವತ್ತು ಬಿಸಿಯೂಟದ ಜೊತೆ ಮೊಟ್ಟೆ ಕೊಟ್ಟಿದ್ದರಂತೆ. ಸಾಲಿನಲ್ಲಿ ಇವನು ಕೊನೆಗೆ ಇದ್ದಿದ್ದಕ್ಕೆ ಚಿಕ್ಕ ಮೊಟ್ಟೆ ಬಂತಂತೆ. ಅದನ್ನು ಅವನು ದೊಡ್ಡ ಅನ್ಯಾಯದ ಕಥೆ ಹಾಗೆ ಹೇಳುತ್ತಿದ್ದ. ಆಕೆ ಕತ್ತರಿ ಆಡಿಸುತ್ತಲೇ, "ಮತ್ತೆ? ದೊಡ್ಡದು ಯಾರಿಗೆ ಬಂತು?" ಅಂತ ಕೇಳಿದರು. ಅಲ್ಲಿಂದ ಆ ಹುಡುಗ ಯಾರು, ಅವನ ಪಕ್ಕ ಕೂರುವುದಕ್ಕೆ ಯಾಕೆ ಎಲ್ಲರೂ ಜಗಳ ಆಡುತ್ತಾರೆ, ಇವನನ್ನು ಯಾಕೆ ಆಟಕ್ಕೆ ಸೇರಿಸಿಕೊಳ್ಳಲ್ಲ ಅಂತ ಒಂದೊಂದೇ ಹೊರಗೆ ಬಂತು. ಆಟಕ್ಕೆ ಸೇರಿಸಿಕೊಳ್ಳದ ವಿಷಯ ಅವನ ಹೊಟ್ಟೆಯಲ್ಲಿ ಎಷ್ಟು ದಿನದಿಂದ ಇತ್ತೋ! "ಶಾಲೆಯಲ್ಲಿ ಏನಾಯ್ತು" ಅಂತ ನೇರ ಕೇಳಿದ್ದರೆ "ಏನಿಲ್ಲ" ಅಂತಿದ್ದ.

ನಾನು ಶಾಲೆಯಲ್ಲಿ ಪಾಠ ಹೇಳುವವಳು. ಮಕ್ಕಳು ಮುಖ್ಯ ವಿಷಯವನ್ನು ಮೊದಲು ಹೇಳುವುದಿಲ್ಲ ಅಂತ ಅಲ್ಲೂ ನೋಡುತ್ತೇನೆ. ಮೊಟ್ಟೆಯಿಂದ ಶುರು ಮಾಡುತ್ತಾರೆ. ಮೊಟ್ಟೆಯ ಕಥೆ ಕೇಳುವ ತಾಳ್ಮೆ ಇದ್ದವರಿಗೆ ಮಾತ್ರ ಉಳಿದದ್ದು ಸಿಗುತ್ತದೆ.

ನಿಮ್ಮ ಕೆಲಸಗಳನ್ನು ಹೀಗೆ ಒಮ್ಮೆ ವಿಂಗಡಿಸಿ ನೋಡಿ. ಮಿಕ್ಸಿ, ಮೆಷಿನ್, ಬಟ್ಟೆ ಒಗೆಯುವುದು ಮಕ್ಕಳು ಮನೆಯಲ್ಲಿ ಇಲ್ಲದಾಗ ಆಗಲಿ. ಅಕ್ಕಿ ಆರಿಸುವುದು, ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು, ಬಟ್ಟೆ ಮಡಿಸುವುದು, ಗುಂಡಿ ಹಚ್ಚುವುದು ಅವರು ಬಂದಾಗ ಮಾಡುವುದಕ್ಕೆ ಇರಲಿ. ಹೆಚ್ಚಿಗೆ ಒಂದು ನಿಮಿಷವೂ ಬೇಕಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೆಲಸದಲ್ಲಿ ಜಾಗ ಕೊಡಿ ಅಂದರೆ ಕೆಲಸಕ್ಕೆ ಹಚ್ಚಿ ಅಂತ ಅಲ್ಲ. ಮಗುವಿನ ಕೈಗೂ ಕತ್ತರಿ ಕೊಟ್ಟು, ಇವನೂ ಹತ್ತು ಪೀಸ್ ಮಾಡಿದರೆ ಇಷ್ಟು ಸಿಗುತ್ತದೆ ಅಂತ ಲೆಕ್ಕ ಹಾಕಲು ಶುರು ಮಾಡಿದರೆ, ಅದು ಜೊತೆಗಿರುವುದು ಆಗಲ್ಲ, ದುಡಿಸುವುದಾಗುತ್ತದೆ. ಜೀನ್ಸ್ ಬಟ್ಟೆಯ ಧೂಳು ಮಕ್ಕಳ ಎದೆಗೆ ಒಳ್ಳೆಯದಲ್ಲ. ಬಾಗಿಲು ಕಿಟಕಿ ತೆರೆದಿಡಿ. ಸೊಪ್ಪಿನ ಒಂದು ಎಳೆ ಬಿಡಿಸಿದನಾ, ಸಂತೋಷ. ಬಿಡಿಸಲಿಲ್ಲವಾ, ಪಕ್ಕದಲ್ಲಿ ಸುಮ್ನೆ ಬಿದ್ದುಕೊಂಡಿರಲಿ.

ನಮಾಜ್ ವಿಷಯಕ್ಕೆ ಬರುತ್ತೇನೆ. ಏಳು ವರ್ಷಕ್ಕೆ ಮಕ್ಕಳಿಗೆ ನಮಾಜ್ ಮಾಡಲು ಹೇಳಿ ಅಂತ ಅಬೂದಾವೂದ್ ಹದೀಸ್ ಗ್ರಂಥದಲ್ಲಿ ಬರುತ್ತದೆ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಮಗು ಏನು ಮಾಡಬೇಕು? ನಮ್ಮ ಪಕ್ಕ ಇರಬೇಕು. ಒಂದು ಹಳೆಯ ದುಪಟ್ಟಾವನ್ನು ನಮ್ಮ ಜಾನಮಾಜ್ ಪಕ್ಕ ಹಾಸಿದರೆ ಸಾಕು. ಬಗ್ಗುತ್ತದೆ, ಬೀಳುತ್ತದೆ, ಬೆನ್ನೇರುತ್ತದೆ. ಏರಲಿ. ನಾವು ದುಆಕ್ಕೆ (ಬೇಡಿಕೊಳ್ಳಲು) ಕೈ ಎತ್ತಿದಾಗ ಅದರ ಹೆಸರು ಹಿಡಿದು, ಅದಕ್ಕೆ ಕೇಳುವ ಹಾಗೆ ದುಆ ಮಾಡಿ. "ಯಾ ಅಲ್ಲಾಹ್, ನನ್ನ ಸಲ್ಮಾಳ ಹಲ್ಲು ನೋವು ಕಡಿಮೆ ಮಾಡು." ತನ್ನ ಹಲ್ಲು ನೋವು ಅಮ್ಮ ಅಲ್ಲಾಹನ ಮುಂದೆ ಇಡುವಷ್ಟು ದೊಡ್ಡ ವಿಷಯ ಅಂತ ಆ ಮಗುವಿಗೆ ಗೊತ್ತಾಗುತ್ತದೆ.

ತರಬಿಯತ್, ಅಂದರೆ ಮಕ್ಕಳನ್ನು ತಿದ್ದಿ ಬೆಳೆಸುವುದು, ಅಂದಾಗ ನಮ್ಮ ಬಾಯಿಗೆ ಬರುವುದು ಮೂರು ಪ್ರಶ್ನೆ. ನಮಾಜ್ ಆಯ್ತಾ? ಅರಬಿ ಕ್ಲಾಸಿನ ಸಬಕ್ (ಪಾಠ) ಆಯ್ತಾ? ಹೋಂವರ್ಕ್ ಆಯ್ತಾ? ಕೇಳಲೇಬೇಕು, ಬೇಡ ಅನ್ನುತ್ತಿಲ್ಲ. ದಿನವಿಡೀ ಬರೀ ಇದೇ ಆದರೆ ಮಗುವಿನ ಪಾಲಿಗೆ ನಾವು ತಪಾಸಣೆ ಮಾಡುವವರಾಗುತ್ತೇವೆ. ಅಬೂ ಉಮೈರ್ ಅನ್ನುವ ಪುಟ್ಟ ಹುಡುಗನ ಹತ್ತಿರ ಒಂದು ಹಕ್ಕಿ ಇತ್ತು, ಅದು ಸತ್ತುಹೋಯಿತು. ಹುಡುಗ ಸಪ್ಪಗಿದ್ದ. ಪ್ರವಾದಿ(ಸ) ಅವನನ್ನು ಕೇಳಿದ್ದು ಏನು? ಅಬೂ ಉಮೈರ್, ನಿನ್ನ ಪುಟ್ಟ ಹಕ್ಕಿ ಏನಾಯಿತಪ್ಪಾ ಅಂತ. ಸಾವಿನ ಬಗ್ಗೆ ಪಾಠ ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಇತ್ತಾ? ಆದರೂ ಹಕ್ಕಿಯನ್ನೇ ಕೇಳಿದರು.

ಈ ಅಬೂ ಉಮೈರ್‌ನ ತಾಯಿ ಉಮ್ಮು ಸುಲೈಮ್(ರ). ಹಜ್ರತ್ ಅನಸ್(ರ) ಅವರ ತಾಯಿಯೂ ಅವರೇ. ನನಗೆ ಬಹಳ ಇಷ್ಟವಾದ ತಾಯಿ. ಅನಸ್ ಸುಮಾರು ಹತ್ತು ವರ್ಷದವರಿದ್ದಾಗ ಪ್ರವಾದಿ(ಸ) ಅವರ ಸೇವೆಗೆ ಸೇರಿದವರು. ಒಂದು ದಿನ ಹುಡುಗರ ಜೊತೆ ಆಡುತ್ತಿದ್ದಾಗ ಪ್ರವಾದಿ(ಸ) ಬಂದು, ಹುಡುಗರಿಗೆಲ್ಲ ಸಲಾಂ ಹೇಳಿ, ಅನಸ್‌ರನ್ನು ಯಾವುದೋ ಕೆಲಸಕ್ಕೆ ಕಳಿಸಿದರು. ಮನೆಗೆ ಬರುವುದು ತಡವಾಯಿತು. ಎಲ್ಲಿಗೆ ಹೋಗಿದ್ದೆ ಅಂತ ತಾಯಿ ಕೇಳಿದರು. ಪ್ರವಾದಿಯವರ ಕೆಲಸಕ್ಕೆ ಅಂದರು. ಏನು ಕೆಲಸ? ಅದು ಗುಟ್ಟು. ಆಗ ಆ ತಾಯಿ ಏನು ಹೇಳಿರಬಹುದು? ನಾವಾಗಿದ್ದರೆ "ಅಮ್ಮನ ಹತ್ತಿರ ಎಂಥಾ ಗುಟ್ಟು, ಹೇಳು" ಅಂತಿದ್ದೆವು. ಉಮ್ಮು ಸುಲೈಮ್, ಅಲ್ಲಾಹನ ದೂತರ ಗುಟ್ಟನ್ನು ಯಾರಿಗೂ ಹೇಳಬೇಡ ಅಂದರು. ಮುಸ್ಲಿಂನಲ್ಲಿರುವ ಹದೀಸ್ ಇದು. ಅನಸ್(ರ) ಎಷ್ಟೋ ವರ್ಷಗಳ ನಂತರ ತಮ್ಮ ಶಿಷ್ಯ ಥಾಬಿತ್ ಅವರಿಗೆ ಈ ಪ್ರಸಂಗ ಹೇಳುತ್ತಾ, ಯಾರಿಗಾದರೂ ಹೇಳುವುದಿದ್ದರೆ ನಿನಗೆ ಹೇಳುತ್ತಿದ್ದೆ ಅಂದರು. ಆಗಲೂ ಹೇಳಲಿಲ್ಲ. ಆ ಪುಟ್ಟ ಹುಡುಗನ ಮಾತಿಗೆ ಒಬ್ಬ ತಾಯಿ ಬೆಲೆ ಕೊಟ್ಟಿದ್ದಕ್ಕೆ ಆ ಗುಟ್ಟು ಇವತ್ತಿಗೂ ಗುಟ್ಟಾಗಿಯೇ ಇದೆ.

ನಾವು ಮಕ್ಕಳು ಹೇಳಿದ್ದನ್ನು ಏನು ಮಾಡುತ್ತೇವೆ? ಮಗಳು ರಾತ್ರಿ ಹೇಳಿದ್ದು ಬೆಳಗ್ಗೆ ಫೋನಿನಲ್ಲಿ ಖಾಲಾಗೆ ತಲುಪಿರುತ್ತದೆ. ಆ ಮೇಲೆ ಆಕೆ ಬಂದು "ಏನಮ್ಮಾ, ಹಿಂಗಂತೆ" ಅಂತ ನಗುತ್ತಾಳೆ. ಮಗಳು ಮುಂದೆ ಯಾಕೆ ಹೇಳುತ್ತಾಳೆ, ಹೇಳಿ?

ಕುರ್‌ಆನಿನ ಸೂರಃ (ಅಧ್ಯಾಯ) ಯೂಸುಫ್‌ನಲ್ಲಿ ಕಥೆ ಶುರುವಾಗುವುದೂ ಮಗ ಯೂಸುಫ್ ತಂದೆ ಯಾಕೂಬ್‌ರಿಗೆ ಹೇಳುವ ಮಾತಿನಿಂದ. ಹನ್ನೊಂದು ನಕ್ಷತ್ರ, ಸೂರ್ಯ, ಚಂದ್ರ ನನಗೆ ತಲೆಬಾಗಿದ್ದನ್ನು ಕಂಡೆ ಅನ್ನುತ್ತಾನೆ. ಯಾಕೂಬ್(ಅ) ನಗಲಿಲ್ಲ, ಗದರಲಿಲ್ಲ. ಕನಸನ್ನು ಕನಸಿನ ಮಟ್ಟದಲ್ಲಿಯೇ ಗಂಭೀರವಾಗಿ ಕೇಳಿ, ಅಣ್ಣಂದಿರಿಗೆ ಹೇಳಬೇಡ ಮಗು ಅಂತ ಕಾಳಜಿಯಿಂದ ಎಚ್ಚರಿಸಿದರು. ಮಕ್ಕಳ ಕನಸು, ಹೆದರಿಕೆ, ಕಟ್ಟುಕಥೆ ಕೇಳುವುದು ಪ್ರವಾದಿಗಳು ಮಾಡಿದ ಕೆಲಸ ಅಂತ ಅಂದುಕೊಂಡರೆ ನಮಗೆ ತಾಳ್ಮೆ ತಾನಾಗಿ ಬರುತ್ತದೆ.

ಕೊಟ್ಟ ಮಾತಿನ ಬಗ್ಗೆಯೂ ಒಂದು ಹದೀಸ್ ಇದೆ, ಅಬೂದಾವೂದ್‌ನಲ್ಲಿ. ಒಬ್ಬ ತಾಯಿ ಮಗನನ್ನು "ಬಾ, ಕೊಡುತ್ತೇನೆ" ಅಂತ ಕರೆದರು. ಏನು ಕೊಡಬೇಕೆಂದಿದ್ದೆ ಅಂತ ಪ್ರವಾದಿ(ಸ) ಕೇಳಿದರು. ಖರ್ಜೂರ ಅಂದರು. ಏನೂ ಕೊಡದೇ ಇದ್ದಿದ್ದರೆ ಅದು ಸುಳ್ಳು ಅಂತ ಬರೆಯಲಾಗುತ್ತಿತ್ತು ಅಂದರು. ಒಂದು ಖರ್ಜೂರಕ್ಕೇ ಹೀಗಾದರೆ, "ಭಾನುವಾರ ಕೋಟೆಗೆ ಕರ್ಕೊಂಡು ಹೋಗ್ತೀನಿ" ಅಂತ ಹೇಳಿ ಬಿಟ್ಟುಬಿಡುವುದಕ್ಕೆ ಏನನ್ನೋಣ? ಹೋಗಲಾಗದಿದ್ದರೆ ಹೇಳಲೇಬೇಡಿ.

ಈಗ ಭಾಷೆಯ ವಿಷಯ. ನಮ್ಮ ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕುರ್‌ಆನ್ ಅರಬಿ. ಶಾಲೆ ಓದದ ತಾಯಂದಿರು "ನನಗೇನು ಬರುತ್ತೆ ಅಂತ ಮಗಳ ಜೊತೆ ಕೂರಲಿ" ಅಂತ ಹಿಂದೆ ಸರಿಯುತ್ತಾರೆ. ಅದು ನನಗೆ ಸಂಕಟದ ವಿಷಯ. ನಮ್ಮ ಹಿರಿಯ ಹೆಂಗಸರನ್ನು ನೋಡಿ. ಬಿಜಾಪುರದ ಸೂಫಿಗಳ ಕಾಲದಿಂದ ದಖನಿಯಲ್ಲಿ ಚಕ್ಕಿನಾಮಾಗಳಿವೆ. ಬೀಸುಕಲ್ಲು ತಿರುಗಿಸುತ್ತಾ ಅಲ್ಲಾಹನ ಹೆಸರು ಹಾಡುವ ಪದಗಳು ಅವು. ಕನ್ನಡದ ಹೆಣ್ಣುಮಕ್ಕಳಿಗೆ ಬೀಸೋ ಪದ ಇದ್ದ ಹಾಗೆ. ಕೈಯಲ್ಲಿ ಗೂಟ, ಪಕ್ಕದಲ್ಲಿ ಮಕ್ಕಳು, ಬಾಯಲ್ಲಿ ಝಿಕ್ರ್. ಒಂದಕ್ಷರ ಓದದ ನಾನಿ, ದಾದಿಯರು ಹಾಗೇ ದೀನ್ ಕಲಿಸಿದರು, ಹಾಗೇ ಜೊತೆಗಿದ್ದರು.

ಈಗ ನಾವು ಮಾಡಬಹುದಾದ್ದು ಒಂದು ಹೇಳುತ್ತೇನೆ. ನಿಮಗೆ ಅರಬಿ ತಿಲಾವತ್ (ಕುರ್‌ಆನ್ ಓದುವುದು) ಬರುತ್ತದೆ, ಅರ್ಥ ಬರುವುದಿಲ್ಲ. ಮಗಳಿಗೆ ಕನ್ನಡ ಸರಾಗ. ಕನ್ನಡದಲ್ಲಿ ಕುರ್‌ಆನ್ ಅನುವಾದಗಳಿವೆ. ಸೂರಃ ಲುಕ್ಮಾನ್ ತೆಗೆಯಿರಿ, 13ರಿಂದ 19ನೇ ಆಯತ್ (ವಚನ). ತಂದೆ ಮಗನಿಗೆ ಹೇಳುವ ಬುದ್ಧಿಮಾತುಗಳು. ನೀವು ಒಂದು ಆಯತ್ ಓದಿ, ಅವಳು ಅದರ ಅರ್ಥ ಓದಲಿ. ಸಾಸಿವೆ ಕಾಳಿನಷ್ಟಿದ್ದು ಬಂಡೆಯೊಳಗೆ ಅಡಗಿದ್ದರೂ ಅಲ್ಲಾಹನು ಹೊರಗೆ ತರುತ್ತಾನೆ ಅಂತ ಬರುತ್ತದೆ. ಅಡುಗೆ ಮನೆಯಿಂದ ಒಂದು ಸಾಸಿವೆ ತಂದು ಅವಳ ಅಂಗೈ ಮೇಲಿಡಿ. ಬಳ್ಳಾರಿ ಮಕ್ಕಳಿಗೆ ಬಂಡೆ ತೋರಿಸಬೇಕಾ? ಬಾಗಿಲು ತೆರೆದರೆ ಬೆಟ್ಟ. ಕೊನೆಯಲ್ಲಿ ದನಿ ತಗ್ಗಿಸಿ ಮಾತಾಡು, ದನಿಗಳಲ್ಲಿ ಕೆಟ್ಟದ್ದು ಕತ್ತೆಯ ದನಿ ಅಂತ ಬರುತ್ತದೆ. ಅಲ್ಲಿ ಮಕ್ಕಳು ನಗುತ್ತಾರೆ. ಆಮೇಲೆ ನಾವು ಕಿರುಚಿದಾಗ ಅದನ್ನು ನೆನಪಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಮಗಳು ನಿಮಗೆ ಅರ್ಥ ಕಲಿಸಿದಳು ಅಂದರೆ ನಿಮ್ಮ ಮರ್ಯಾದೆ ಕಡಿಮೆಯಾಗಲ್ಲ. ಅವಳಿಗೆ ಕನ್ನಡವೂ ನಮ್ಮದು, ಕುರ್‌ಆನೂ ನಮ್ಮದು ಅನ್ನಿಸುತ್ತದೆ.

ಹಾಗೆ ಅನ್ನಿಸುವುದು ಇವತ್ತು ಬಹಳ ಬೇಕಾಗಿದೆ. ಯಾವುದೋ ಮಾತು ಕೇಳಿಸಿಕೊಂಡು ಬಂದು, "ಅಮ್ಮೀ, ನಾವು ಇಲ್ಲಿಯವರಲ್ವಾ?" ಅಂತ ಕೇಳುವ ಮಕ್ಕಳಿದ್ದಾರೆ. "ಅದೆಲ್ಲಾ ತಲೆಗೆ ಹಚ್ಕೋಬೇಡ, ಓದ್ಕೋ ಹೋಗು" ಅಂದರೆ ಆ ಪ್ರಶ್ನೆ ಒಳಗೇ ಕೊಳೆಯುತ್ತದೆ. ಕೂರಿಸಿಕೊಂಡು, ಯಾರು ಹೇಳಿದರು, ನಿನಗೆ ಹೇಗನ್ನಿಸಿತು ಅಂತ ಮೊದಲು ಕೇಳಿ. ಸಿಟ್ಟಿಗೆ ಸಿಟ್ಟು ಸೇರಿಸಬೇಡಿ. ಆಗುವುದಾದರೆ ಒಂದು ದಿನ ಹಂಪಿಗೆ ಕರೆದುಕೊಂಡು ಹೋಗಿ. ಇಲ್ಲಿಂದ ಸುಮಾರು 60 ಕಿಲೋಮೀಟರ್. ಅಲ್ಲಿ ಅಹಮದ್ ಖಾನ್ ಕಟ್ಟಿಸಿದ ಮಸೀದಿ ಇದೆ. ಆತ ವಿಜಯನಗರದ ಎರಡನೇ ದೇವರಾಯನ ಅಧಿಕಾರಿ. 1439ರ ಅದರ ಶಾಸನ ಇರುವುದು ಕನ್ನಡದಲ್ಲಿ. ಆ ಕಟ್ಟಡವನ್ನು ಧರ್ಮಸಾಲೆ ಅಂತ ಕರೆದು, ರಾಜನಿಗೆ ಪುಣ್ಯವಾಗಲಿ ಅಂತ ಕಟ್ಟಿಸಿದ್ದಾಗಿ ಹೇಳುತ್ತದೆ. ಕಂಬಗಳು ಅಲ್ಲಿನ ಬೇರೆ ಮಂಟಪಗಳ ಹಾಗೇ ಇವೆ. ನೀವು ಏನೂ ವಿವರಿಸಬೇಕಿಲ್ಲ. ಮಗು ಕಂಬ ಮುಟ್ಟಿ ನೋಡಲಿ, ಅದೇ ಸಾಕು.

ಗಂಡಸರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವರಿಲ್ಲಿಲ್ಲ. ಕೆಲವರು ಲಾರಿ ಮೇಲೆ, ಕೆಲವರು ಗಲ್ಫ್‌ನಲ್ಲಿ. 2011ರಲ್ಲಿ ಗಣಿ ನಿಂತಾಗ ಕೆಲಸ ಹುಡುಕಿಕೊಂಡು ಊರು ಬಿಟ್ಟವರೂ ಇದ್ದಾರೆ. ನನಗೆ ಹತ್ತು ಮಕ್ಕಳಿದ್ದಾರೆ, ಒಬ್ಬರಿಗೂ ಮುತ್ತಿಟ್ಟಿಲ್ಲ ಅಂದ ಅಕ್ರಾ ಎಂಬುವರಿಗೆ ಪ್ರವಾದಿ(ಸ), ಕರುಣೆ ತೋರದವನಿಗೆ ಕರುಣೆ ಸಿಗದು ಅಂದರು. ಈ ಹದೀಸನ್ನು ಮನೆಗೆ ಹೋಗಿ ಅವರಿಗೆ ಹೇಳಿ. ವಿಡಿಯೋ ಕಾಲ್ ಬಂದಾಗ ಖರ್ಚಿನ ಲೆಕ್ಕ ಕೊನೆಗಿಡಿ, ಮೊದಲು ಫೋನ್ ಮಕ್ಕಳಿಗೆ ಕೊಡಿ.

ಉಳಿದ ಹೊತ್ತಿನ ಮೊಬೈಲ್ ಬಗ್ಗೆ ಒಂದೇ ಮಾತು. ಮಗ್ರಿಬ್‌ನಿಂದ ಇಶಾವರೆಗೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಸಮಯ. ಆ ಹೊತ್ತಿಗೆ ಮಕ್ಕಳನ್ನು ಒಳಗೆ ಕರೆದುಕೊಳ್ಳಿ ಅಂತ ಹದೀಸ್‌ನಲ್ಲೂ ಇದೆ. ಅಷ್ಟು ಹೊತ್ತು ಎಲ್ಲರ ಫೋನೂ ಕಪಾಟಿನ ಮೇಲಿರಲಿ, ನಮ್ಮದೂ ಸೇರಿ.

ರಂಜಾನ್‌ನಲ್ಲಿ ನಾವು ಅಡುಗೆ ಮನೆ ಬಿಟ್ಟು ಹೊರಗೆ ಬರುವುದೇ ಇಲ್ಲ. ಆಗ ಪ್ರವಾದಿ(ಸ) ಅವರನ್ನು ಕಂಡ ರುಬಯ್ಯಿಅ್(ರ) ಎಂಬ ಸಹಾಬಿ ಮಹಿಳೆಯ ಮಾತು ನೆನಪಿರಲಿ. ಮುಹರ್ರಂ ತಿಂಗಳ ಹತ್ತನೇ ದಿನದ ಆಶೂರಾ ಉಪವಾಸ ಮಕ್ಕಳಿಂದಲೂ ಮಾಡಿಸುತ್ತಿದ್ದೆವು, ಉಣ್ಣೆಯ ಆಟಿಕೆ ಮಾಡಿಡುತ್ತಿದ್ದೆವು, ಊಟ ಬೇಕು ಅಂತ ಅತ್ತರೆ ಇಫ್ತಾರ್ ತನಕ ಆಟಿಕೆ ಕೊಡುತ್ತಿದ್ದೆವು ಅಂತ ಅವರು ಹೇಳಿದ್ದಾರೆ. ಆ ತಾಯಂದಿರೂ ಉಪವಾಸ ಇದ್ದವರೇ. ಹಸಿದ ಮಗುವಿಗೆ "ಸಬರ್ ಮಾಡು" ಅಂತ ಹೇಳಿ ಸುಮ್ಮನಾಗದೆ ಕೂತು ಆಟಿಕೆ ಮಾಡಿದರು. ನಮ್ಮ ಮನೆಯಲ್ಲಿ ಜೀನ್ಸ್ ಚೂರುಗಳಿಗೆ ಬರವಿದೆಯಾ? ಒಂದು ಗೊಂಬೆ, ಒಂದು ಚೆಂಡು ಹೊಲಿಯಬಹುದು. ಇಫ್ತಾರ್‌ಗೆ ಐದು ಬಗೆ ಬದಲು ಮೂರು ಬಗೆ ಸಾಕು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

"ಮಗ ಒಂಬತ್ತನೇ ಕ್ಲಾಸು. ಪಕ್ಕ ಕೂತ್ರೆ ಎದ್ದು ಹೋಗ್ತಾನೆ" ಅಂದರು ಒಬ್ಬ ತಾಯಿ. ಆ ವಯಸ್ಸಿನ ಹುಡುಗರು ಎದುರಾಬದುರು ಕೂತು ಮಾತಾಡುವುದು ಕಷ್ಟ. ಸಂತೆಗೆ, ಬಂಡಲ್ ಕೊಟ್ಟು ಬರುವುದಕ್ಕೆ, ನಾನಿ ಮನೆಗೆ ಅವನನ್ನು ಜೊತೆಗೆ ಕರೆಯಿರಿ. ಗಾಡಿ ಮೇಲೆ ಹಿಂದೆ ಕೂತಾಗ ಮುಖ ಮುಖ ನೋಡಬೇಕಿಲ್ಲ, ಆಗ ಮಾತು ಬರುತ್ತದೆ. ಬಂದಾಗ ಮೇಲೆ ಬೀಳಬೇಡಿ. ಮನೆಯ ಯಾವುದಾದರೂ ನಿರ್ಧಾರದಲ್ಲಿ ಅವನ ಅಭಿಪ್ರಾಯ ಕೇಳಿ, ಅವನು ಹೇಳಿದ ಹಾಗೆ ಒಮ್ಮೆಯಾದರೂ ಮಾಡಿ.

ಇನ್ನೊಬ್ಬರು ಹಿಂದಿನಿಂದ ಎದ್ದು ನಿಂತರು. "ಆಪಾ, ಇದೆಲ್ಲಾ ಮನೇಲಿ ಹೊಲಿಯೋರಿಗೆ ಹೇಳಿದ್ರಿ. ನನಗೆ ಗಂಡ ಇಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋದ್ರೆ ಕತ್ತಲಾದ ಮೇಲೆ ಬರ್ತೀನಿ. ನಾನೇನು ಮಾಡ್ಲಿ?"

ಅವರಿಗೆ ನಾನು ಹೇಳಿದ್ದು ಇಷ್ಟು. ನಿಮ್ಮ ಕೆಲಸದಲ್ಲಿ ಮಕ್ಕಳಿಗೆ ಜಾಗ ಕೊಡಲಾಗದಿದ್ದರೆ, ರಾತ್ರಿ ಊಟಕ್ಕೆ ಕೂತಾಗ ನಿಮ್ಮ ದಿನವನ್ನು ಅವರಿಗೆ ಹೇಳಿ. ಯಾರು ಬೈದರು, ಯಾರು ಚಹಾ ಕೊಟ್ಟರು, ಯಾವುದಕ್ಕೆ ನಕ್ಕಿರಿ, ಎಲ್ಲಾ. ಅಮ್ಮ ಹೇಳಿದರೆ ಅವರೂ ಹೇಳುತ್ತಾರೆ. ಫಜ್ರ್ ಹೊತ್ತಿಗೆ ಒಬ್ಬರನ್ನಾದರೂ ಜೊತೆಗೆ ಎಬ್ಬಿಸಿಕೊಳ್ಳಿ. ಆ ಹೊತ್ತಿನಲ್ಲಿ ಮನೆ ನಿಮ್ಮಿಬ್ಬರದೇ. ಇನ್ನು ಮಧ್ಯಾಹ್ನದಿಂದ ಸಂಜೆಯ ತನಕದ ಹೊತ್ತು ನಿಮ್ಮ ಒಬ್ಬರ ಹೊಣೆ ಅಲ್ಲ. ಇಲ್ಲಿ ದಾರ ಕತ್ತರಿಸುವವರು, ಸೊಪ್ಪು ಬಿಡಿಸುವವರು ಇಷ್ಟು ಜನ ಕೂತಿದ್ದಾರೆ. ಒಂದು ಮಗು ಕೂರುವ ಕಡೆ ಮೂರು ಕೂರಬಹುದು. ಇವರ ಗಲ್ಲಿಯವರು ಯಾರ್‍ಯಾರಿದ್ದೀರಿ, ಕೈ ಎತ್ತಿ. ಶಾಲೆ ಬಿಟ್ಟ ಮೇಲೆ ಇವರ ಮಕ್ಕಳು ಯಾವ ದಿನ ಯಾರ ಮನೆಗೆ ಬರಬೇಕು ಅಂತ ಈಗ ಇಲ್ಲೇ ಕೂತು ಮಾತಾಡಿಕೊಂಡು ಆಮೇಲೆ ಮನೆಗೆ ಹೋಗೋಣ.